ಹತ್ತೊಂಬತ್ತರ ಮಗ್ಗಿ ಮತ್ತು ಒಂದು ಬಕೆಟ್ ನೀರು

ಆ ಅಣೆಕಟ್ಟು ಎಷ್ಟು ಎತ್ತರವಿತ್ತೆಂದರೆ, ಅದರ ನೆತ್ತಿಯ ಮೇಲಿಂದ ಯಾರದಾದರೂ ಟೋಪಿ ಜಾರಿ ಬಿದ್ದರೆ ಅದು ಕೆಳಗೆ ತಲುಪುವಷ್ಟರಲ್ಲಿ ಅಂಥ ಟೋಪಿ ಹಾಕುವ ಕಾಲವೇ ಮುಗಿದಿರುತ್ತಿತ್ತು. ಅದರ ಹಿಂದೆ ನಿಂತ ನೀರು ಎಷ್ಟೆಂದರೆ, ಒಂದು ದಡದಲ್ಲಿ ಮಳೆ ಬಂದದ್ದು ಇನ್ನೊಂದು ದಡದವರಿಗೆ ಪೇಪರಿನಲ್ಲಿ ಓದಿಯೇ ಗೊತ್ತಾಗುತ್ತಿತ್ತು. ಅಲ್ಲಿ ಹುಟ್ಟಿದ ಕರೆಂಟು ಏಳು ನಗರಗಳ ದೀಪ ಹೊತ್ತಿಸಿ, ಮಿಕ್ಕದ್ದನ್ನು ಎಲ್ಲಿ ಇಡುವುದು ಎಂದು ತಿಳಿಯದೆ ತಂತಿಯ ಮೇಲೇ ಗುಂಯ್‌ಗುಡುತ್ತ ಕೂತಿರುತ್ತಿತ್ತು. ಇಷ್ಟೆಲ್ಲ ದೊಡ್ಡಸ್ತಿಕೆಯ ಅಣೆಕಟ್ಟಿನ ಆರೋಗ್ಯ ನೋಡಿಕೊಳ್ಳುತ್ತಿದ್ದದ್ದು ಮಾತ್ರ ಒಂದು ಕಬ್ಬಿಣದ ಬಕೆಟ್ಟು ಮತ್ತು ಒಬ್ಬ ಮನುಷ್ಯನ ಬಾಯಿ.

ಅಣೆಕಟ್ಟು ಎಷ್ಟೇ ಗಟ್ಟಿಯಾಗಿದ್ದರೂ ಒಂದಿಷ್ಟು ನೀರು ಒಳಗೊಳಗೇ ಜಿನುಗುತ್ತದೆ. ಆ ನೀರು ಹರಿದು ಹೋಗಲೆಂದೇ ಗೋಡೆಯ ಹೊಟ್ಟೆಯೊಳಗೆ ಒಂದು ಸುರಂಗ ಬಿಟ್ಟಿರುತ್ತಾರೆ. ಮುನ್ನೂರ ಹನ್ನೆರಡು ಮೆಟ್ಟಿಲು ಇಳಿದು, ತಂತಿಯ ಬುಟ್ಟಿಯೊಳಗೆ ಮಿಣುಗುವ ಹಳದಿ ಬಲ್ಬುಗಳ ಕೆಳಗೆ ನಡೆದು ಹೋದರೆ ಕೊನೆಯಲ್ಲಿ ಒಂದು ಕೊಳವೆ. ದಿನಾ ಬೆಳಿಗ್ಗೆ ಹತ್ತಕ್ಕೆ ಅದರ ಕೆಳಗೆ ಬಕೆಟ್ ಇಟ್ಟು, ತುಂಬಲು ಎಷ್ಟು ಹೊತ್ತು ಹಿಡಿಯಿತು ಎಂದು ನೋಡಬೇಕು. ಬೇಗ ತುಂಬಿದರೆ ಜಿನುಗು ಹೆಚ್ಚಾಗಿದೆ, ಗೋಡೆಗೆ ಏನೋ ಆಗಿದೆ ಎಂದರ್ಥ. ಈ ಕೆಲಸವನ್ನು ಮೂವತ್ತೊಂದು ವರ್ಷಗಳಿಂದ ಮಾಡುತ್ತ ಬಂದವನನ್ನು ಎಲ್ಲರೂ ಬಕೆಟ್ ಮಾವ ಎಂದೇ ಕರೆಯುತ್ತಿದ್ದರು. ಆ ಆಫೀಸಿನಲ್ಲಿ ಬಕೆಟ್ ಹಿಡಿಯುವವರಿಗೇನೂ ಬರವಿರಲಿಲ್ಲ. ಆದರೆ ಹಿಡಿದ ಬಕೆಟ್ಟಿನಲ್ಲಿ ನಿಜವಾಗಿ ನೀರಿದ್ದದ್ದು ಅವನೊಬ್ಬನದರಲ್ಲೇ.

ಹೊತ್ತು ನೋಡಲು ಗಡಿಯಾರ ಕೊಡಲಿಲ್ಲವೇ ಎಂದು ನೀವು ಕೇಳಬಹುದು. ಕೊಟ್ಟಿದ್ದರು. ಸುರಂಗದ ತೇವಕ್ಕೆ ಮೊದಲನೆಯದು ಮೂರು ವಾರದಲ್ಲಿ ಮಂಜುಗಣ್ಣಾಯಿತು, ಎರಡನೆಯದು ಎರಡು ವಾರದಲ್ಲಿ, ಮೂರನೆಯದು ಸುರಂಗದ ಬಾಗಿಲು ಕಂಡ ಕೂಡಲೇ ಹೆದರಿ ನಿಂತುಬಿಟ್ಟಿತು. ಆಗಿನ ಇಂಜಿನಿಯರು ಬೇಸತ್ತು, ಹೇಗಾದರೂ ಅಳೆ ಮಾರಾಯ, ದಿನಾ ಒಂದೇ ಸಮ ಇದ್ದರೆ ಸಾಕು ಎಂದುಬಿಟ್ಟಿದ್ದರು. ಬಕೆಟ್ ಮಾವ ಆಗ ಮಾವನಾಗಿರಲಿಲ್ಲ, ಇಪ್ಪತ್ತೇಳರ ಹುಡುಗ. ಅವನು ತನಗೆ ಬರುವ ವಿದ್ಯೆಗಳನ್ನೆಲ್ಲ ಒಂದೊಂದಾಗಿ ಬಕೆಟ್ಟಿನ ಮುಂದೆ ಇಟ್ಟು ನೋಡಿ, ಕೊನೆಗೆ ಹತ್ತೊಂಬತ್ತರ ಮಗ್ಗಿಯನ್ನು ಆರಿಸಿದ. ಶಾಲೆಯ ಮಗ್ಗಿ ಹದಿನಾರಕ್ಕೇ ನಿಂತಿತ್ತು. ಹತ್ತೊಂಬತ್ತನ್ನು ಕಲಿಸಿದ್ದು ಅವನ ಅಪ್ಪ, ಬಡಗಿ, ಮರ ಕೊಯ್ಯುತ್ತ ಕೊಯ್ಯುತ್ತ, ಗರಗಸದ ಲಯಕ್ಕೆ. ಆ ಲಯದಲ್ಲಿ ಹೇಳಿದರೆ ಕೊನೆಯ ‘ನೂರತೊಂಬತ್ತು’ ಬಾಯಿಂದ ಬೀಳುವುದಕ್ಕೂ ನೀರು ಬಕೆಟ್ಟಿನ ಕಂಠ ಮುಟ್ಟುವುದಕ್ಕೂ ಒಂದು ಕೂದಲೆಳೆಯ ವ್ಯತ್ಯಾಸವೂ ಇರುತ್ತಿರಲಿಲ್ಲ. ವಹಿಯಲ್ಲಿ ‘ಅವಧಿ’ ಎಂಬ ಕಡೆ ಅವನು ‘ಮಗ್ಗಿ ಪೂರ್ಣ’ ಎಂದು ಬರೆದ. ಮೇಲಿನವರು ಅದು ಯಾವುದೋ ಹೊಸ ಅಳತೆಯ ಮಾನವಿರಬೇಕೆಂದು ಸಹಿ ಹಾಕಿದರು. ಇಂಜಿನಿಯರುಗಳು ಬಂದರು, ಹೋದರು. ಹನ್ನೊಂದು ಸಾವಿರ ಸಲ ಮಗ್ಗಿ ಪೂರ್ಣವಾಯಿತು.

ಇಂಥ ಬಾಯಿ ಅದು. ಆ ಬಾಯಿಗೆ ಐವತ್ತೆಂಟನೆಯ ವಯಸ್ಸಿನಲ್ಲಿ ಹಲ್ಲು ಕೈಕೊಟ್ಟವು. ಅಲ್ಲಾಡುತ್ತ ಉಳಿದಿದ್ದ ಹನ್ನೊಂದನ್ನೂ ಹಲ್ಲಿನ ಡಾಕ್ಟರು ಒಂದು ಭಾನುವಾರ ಒಂದೇ ಕಂತಿನಲ್ಲಿ ಕಿತ್ತು, ಅಂದೇ ಹೊಸ ಸೆಟ್ಟು ಕೂರಿಸಿದರು. ಆ ಸೆಟ್ಟಿನ ಹೊಳಪಿಗೆ ದಾರಿಯಲ್ಲಿ ಬರುತ್ತಿದ್ದ ಲಾರಿಯವನು ತನ್ನ ಹೆಡ್‌ಲೈಟು ತಗ್ಗಿಸಿದನಂತೆ.

ಮಾರನೆಯ ದಿನ, ಸೋಮವಾರ, ಮನೆಯಲ್ಲಿ ಹಾಲು ಉಕ್ಕಿತು. ಅದನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಬಕೆಟ್ ಮಾವ ಎಂದಿನಂತೆ ಸುರಂಗಕ್ಕೆ ಇಳಿದ. ಗೋಡೆಗಳ ಮೇಲೆ ಸುಣ್ಣದ ಬಿಳಿ ಗಡ್ಡಗಳು ಜೋತು ಬಿದ್ದಿದ್ದವು, ದೂರದ ಟರ್ಬೈನುಗಳ ಗುಡುಗುಡು ಅಂಗಾಲಿಗೆ ಕೇಳಿಸುತ್ತಿತ್ತು. ಬಕೆಟ್ಟನ್ನು ಕೊಳವೆಯ ಕೆಳಗೆ ತಳ್ಳಿ ಶುರುಮಾಡಿದ. ಹತ್ತೊಂಬತ್ತೊಂದ್ಲ ಹತ್ತೊಂಬತ್ತು. ಹತ್ತೊಂಬತ್ತೆರಡ್ಲ ಮೂವತ್ತೆಂಟು. ಮೂರ್ಲ ಐವತ್ತೇಳು, ನಾಕ್ಲ ಎಪ್ಪತ್ತಾರು, ಐದ್ಲ ತೊಂಬತ್ತೈದು, ಏಳ್ಲ ನೂರಮೂವತ್ತಮೂರು, ಎಂಟ್ಲ ನೂರೈವತ್ತೆರಡು ಎನ್ನುವಷ್ಟರಲ್ಲಿ ಪಾದ ತಣ್ಣಗಾಯಿತು. ಬಗ್ಗಿ ನೋಡಿದರೆ ಬಕೆಟ್ ತುಂಬಿ ಬೂಟಿನ ಮೇಲೆ ಹರಿಯುತ್ತಿದೆ.

ನೀರು ಚೆಲ್ಲಿ ಮತ್ತೆ ಇಟ್ಟ. ಮತ್ತೆ ಎಂಟಕ್ಕೇ ತುಂಬಿತು. ಬಕೆಟ್ಟನ್ನು ಬೋರಲು ಹಾಕಿ, ತಟ್ಟಿ, ತಳಕ್ಕೆ ಕೈ ಹಾಕಿ ಸವರಿ ನೋಡಿದ, ತಗ್ಗಿಲ್ಲ, ಕಲ್ಲಿಲ್ಲ. ಇನ್ನೂ ನಾಲ್ಕು ಸಲ ಹೇಳಿದ. ನಾಲ್ಕು ಸಲವೂ ನೂರೈವತ್ತೆರಡಕ್ಕೆ ಬೂಟು ಒದ್ದೆ.

ಆ ದಿನ ಅವನು ವಹಿಯಲ್ಲಿ ಏನೂ ಬರೆಯಲಿಲ್ಲ. ಮೂವತ್ತೊಂದು ವರ್ಷಗಳಲ್ಲಿ ಖಾಲಿ ಬಿಟ್ಟ ಮೊದಲನೆಯ ಮನೆ ಅದು. ಯಾಕೆಂದರೆ ಅವನ ತಲೆಯಲ್ಲಿ ಓಡುತ್ತಿದ್ದದ್ದು ಅಣೆಕಟ್ಟಲ್ಲ, ಅಪ್ಪ. ಅಪ್ಪನಿಗೆ ಇದೇ ವಯಸ್ಸಿನಲ್ಲಿ ಶುರುವಾಗಿತ್ತು. ಮೊದಲು ಎಣಿಕೆ ತಪ್ಪಿತು. ಐದು ಮೊಳೆ ಬೇಕಾದ ಕಡೆ ನಾಲ್ಕು ಹೊಡೆದು ಮುಂದೆ ಹೋಗುತ್ತಿದ್ದ. ಆಮೇಲೆ ಮನೆಯ ದಾರಿ ತಪ್ಪಿತು. ಕೊನೆಗೆ ಎದುರು ಕೂತ ಮಗನನ್ನೇ, ನೀವು ಯಾರ ಪೈಕಿ, ಮರ ಯಾವುದು ಬೇಕಿತ್ತು ಎಂದು ಮರ್ಯಾದೆಯಿಂದ ವಿಚಾರಿಸಿದ್ದ. ಬಕೆಟ್ ಮಾವನಿಗೆ ಈಗ ಎರಡೇ ಲೆಕ್ಕ: ಒಂದೋ ಗೋಡೆ ಕೆಟ್ಟಿದೆ, ಇಲ್ಲವೋ ತಲೆ ಕೆಟ್ಟಿದೆ. ಒಂದು ಗಳಿಗೆ ಅವನು, ದೇವರೇ, ಗೋಡೆಯೇ ಕೆಟ್ಟಿರಲಿ ಎಂದು ಬೇಡಿಕೊಂಡ. ಬೇಡಿಕೊಂಡ ಮೇಲೆ ಕೆಳದಂಡೆಯ ಸಾವಿರಾರು ಮನೆಗಳು ನೆನಪಾಗಿ, ಆ ಬೇಡಿಕೆಯನ್ನು ವಾಪಸ್ ತೆಗೆದುಕೊಳ್ಳುವುದು ಹೇಗೆಂದು ತಿಳಿಯದೆ ಕಂಗಾಲಾದ.

ಮಂಗಳವಾರವೂ ಎಂಟಕ್ಕೇ ತುಂಬಿತು. ಬುಧವಾರ ಬೆಳಿಗ್ಗೆ ಇಂಜಿನಿಯರ್ ಮೇಡಂ ಮುಂದೆ ಹೋಗಿ ನಿಂತ. ಮೇಡಂ ಬಂದು ಎರಡು ತಿಂಗಳಾಗಿತ್ತಷ್ಟೆ. ವಯಸ್ಸು ಅವನ ಅರ್ಧ, ನಡಿಗೆ ಅವನ ಎರಡರಷ್ಟು. ಜಿನುಗು ಕಾಲು ಪಾಲು ಹೆಚ್ಚಾಗಿದೆ ಎಂದು ಕೇಳಿದ್ದೇ ತಡ, ಅವರು ಫೋನಿನ ಗಡಿಯಾರ ಹಿಡಿದು ತಾವೇ ಸುರಂಗಕ್ಕೆ ಇಳಿದರು. ಬಕೆಟ್ ನಲವತ್ತೊಂದು ಸೆಕೆಂಡಿಗೆ ತುಂಬಿತು.

“ನಲವತ್ತೊಂದು,” ಎಂದರು ಮೇಡಂ. “ಮೊದಲು ಎಷ್ಟಿತ್ತು?”

“ಮಗ್ಗಿ ಪೂರ್ಣ, ಮೇಡಂ.”

“ಅಂದ್ರೆ ಎಷ್ಟು ಸೆಕೆಂಡು?”

ಮೇಡಂ ಕಪಾಟು ತೆಗೆಸಿ ಮೂವತ್ತೊಂದು ವಹಿಗಳನ್ನೂ ಮೇಜಿನ ಮೇಲೆ ಹರವಿದರು. ಒಂದೊಂದು ಹಾಳೆಯಲ್ಲೂ ಮಗ್ಗಿ ಪೂರ್ಣ, ಮಗ್ಗಿ ಪೂರ್ಣ. ಸೆಕೆಂಡು ಎಂಬ ಪದಾರ್ಥ ದುರ್ಬೀನು ಹಾಕಿ ಹುಡುಕಿದರೂ ಸಿಗಲಿಲ್ಲ. ಗೋಡೆಯಲ್ಲಿ ಹುಗಿದಿದ್ದ ಬೇರೆ ಉಪಕರಣಗಳಲ್ಲಿ ಮೂರು ಎಂದೋ ಸತ್ತಿದ್ದವು, ಬದುಕಿದ್ದ ಎರಡರಲ್ಲಿ ಒಂದು ಹೌದು ಎಂದರೆ ಇನ್ನೊಂದು ಅಲ್ಲ ಎನ್ನುತ್ತಿತ್ತು. ಮೇಡಂ ತಲೆ ಹಿಡಿದು ಕೂತರು. ನಿಯಮದ ಪುಸ್ತಕದಲ್ಲಿ ಮಾತ್ರ ಗೊಂದಲವಿರಲಿಲ್ಲ: ಜಿನುಗು ಇಷ್ಟು ಏರಿದರೆ ಜಲಾಶಯವನ್ನು ಹತ್ತು ಅಡಿ ಇಳಿಸಬೇಕು. ಅಂದರೆ ಗೇಟು ಎತ್ತಬೇಕು, ಕೆಳದಂಡೆಯವರನ್ನು ಮಕ್ಕಳು ಮರಿ ಸಮೇತ ಗುಡ್ಡ ಹತ್ತಿಸಬೇಕು.

“ನಾಳೆ ಮಧ್ಯಾಹ್ನದ ತನಕ ನೋಡ್ತೀನಿ,” ಎಂದರು ಕೊನೆಗೆ. ಆಮೇಲೆ ದನಿ ತಗ್ಗಿಸಿ, “ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮಗೆ ಇತ್ತೀಚೆಗೆ ಏನಾದ್ರೂ ಮರೆವು ಗಿರೆವು...”

ಬಕೆಟ್ ಮಾವ ಕೇಳಿಸದವನಂತೆ ಹೊರಗೆ ಬಂದ. ಕಾಲು ಅವನನ್ನು ಗೇಟುಮನೆಗೆ ಕರೆದುಕೊಂಡು ಹೋದವು. ಅಲ್ಲಿ ಗುಂಡಿ ಒತ್ತುವ ಕೆಲಸ ಅವನ ಹೆಂಡತಿಯ ತಮ್ಮನದು. ಈ ಭಾಮೈದನ ನಾಲಿಗೆ ಎಷ್ಟು ಉದ್ದವೆಂದರೆ, ಆಚೆ ದಡದಲ್ಲಿ ಯಾರಾದರೂ ಎಡವಿದರೆ ಇವನು ಈಚೆ ದಡದಲ್ಲಿ ಕೂತೇ ಛೇಡಿಸುತ್ತಿದ್ದ. ಮಾವ ಎಲ್ಲವನ್ನೂ ಹೇಳಿಕೊಂಡ, ಅಪ್ಪನ ವಿಷಯವೊಂದನ್ನು ಬಿಟ್ಟು. ಭಾಮೈದ ಕೇಳಿ ಕೇಳಿ, ಮಾವನ ಬಾಯನ್ನೇ ನೋಡುತ್ತ ಕೂತ.

“ಭಾವ, ಒಂದ್ಸಲ ‘ಹತ್ತೊಂಬತ್ತು’ ಅನ್ನಿ.”

“ಹತ್... ತೊಂಬತ್ತು.”

“ನೋಡಿ. ‘ಹತ್’ ಅಂದು ಹಲ್ಲು ಸರಿ ಮಾಡ್ಕೊಂಡು, ಆಮೇಲೆ ‘ತೊಂಬತ್ತು’ ಅಂತೀರ. ಭಾನುವಾರದಿಂದ ನೀವು ನನ್ನ ಬೈದರೂ ಅರ್ಧ ಬೈಗುಳ ಬಂದು ಇನ್ನರ್ಧ ಆಮೇಲೆ ಬರ್ತಿದೆ. ಗೋಡೆ ಸೋರ್ತಿಲ್ಲ ಭಾವ, ನಿಮ್ಮ ಮಗ್ಗಿ ಕುಂಟ್ತಾ ಇದೆ.”

ಮಾವನಿಗೆ ಜೀವ ಬಂದಂತಾಯಿತು. ಹೌದಲ್ಲ, ಹಲ್ಲು. ತಲೆಯಲ್ಲ, ಹಲ್ಲು. ಆ ಮುನ್ನೂರ ಹನ್ನೆರಡು ಮೆಟ್ಟಿಲುಗಳನ್ನು ಅವನು ಹನ್ನೆರಡೇ ನೆಗೆತಕ್ಕೆ ಇಳಿದನೆಂದು ನೋಡಿದವರು ಹೇಳುತ್ತಾರೆ. ಸೆಟ್ಟು ತೆಗೆದು ಜೇಬಿಗೆ ಹಾಕಿ, ಬಕೆಟ್ ಇಟ್ಟು ಮಗ್ಗಿ ಶುರುಮಾಡಿದ. ಬರಿಯ ವಸಡಿನಲ್ಲಿ ಮಾತಿಗೆ ಎಲ್ಲೂ ತಡೆಯೇ ಇಲ್ಲ, ಅಂಕಿಗಳು ಎಣ್ಣೆ ಹಚ್ಚಿದಂತೆ ಜಾರಿದವು. ನೂರತೊಂಬತ್ತು ಎಂದು ನಿಲ್ಲಿಸಿ ಬಗ್ಗಿ ನೋಡಿದರೆ ಬಕೆಟ್ಟಿಗೆ ಇನ್ನೂ ನಾಲ್ಕು ಬೆರಳು ಬಾಕಿ.

ಅವನು ಒದ್ದೆ ನೆಲದ ಮೇಲೆ ಕೂತುಬಿಟ್ಟ. ಹಲ್ಲಿದ್ದರೆ ಗೋಡೆ ಕೆಟ್ಟಿದೆ. ಹಲ್ಲಿಲ್ಲದಿದ್ದರೆ ಗೋಡೆ ಕಟ್ಟಿದ ದಿನಕ್ಕಿಂತ ಗಟ್ಟಿಯಾಗಿದೆ. ನಿಜ ಹೇಳಬೇಕಾದದ್ದು ಹನ್ನೊಂದು ಹಲ್ಲು ಅಲ್ಲಾಡುತ್ತಿದ್ದ ಹಳೆಯ ಬಾಯಿ. ಆ ಬಾಯಿ ಡಾಕ್ಟರ ಕಸದ ಡಬ್ಬಿ ಸೇರಿ ಮೂರು ದಿನವಾಗಿತ್ತು. ಅದರ ಲಯವನ್ನು ನೆನಪಿಸಿಕೊಳ್ಳಲು ನೋಡಿದ. ಬೇಗ ಹೇಳಿದ, ತಡೆದು ಹೇಳಿದ, ಕೆನ್ನೆಯೊಳಗೆ ಬೆರಳಿಟ್ಟುಕೊಂಡು ಹೇಳಿದ. ಬಕೆಟ್ ಒಮ್ಮೆ ಏಳಕ್ಕೆ ತುಂಬಿತು, ಒಮ್ಮೆ ಒಂಬತ್ತಕ್ಕೆ, ಒಮ್ಮೆ ತುಂಬಲೇ ಇಲ್ಲ. ಕೊನೆಕೊನೆಗೆ ತನಗೆ ಬೇಕಾದ ಉತ್ತರಕ್ಕೆ ತಕ್ಕಂತೆ ತಾನೇ ಮಗ್ಗಿಯನ್ನು ಎಳೆಯುತ್ತಿದ್ದೇನೆ ಎಂಬ ಅನುಮಾನ ಬಂದು, ಬಕೆಟ್ಟನ್ನು ಕಾಲಿನಿಂದ ದೂಡಿದ. ಇಷ್ಟು ವರ್ಷ ತಾನೇ ಹೇಳಿದ ಮಗ್ಗಿ ತನಗೇ ನೆನಪಿಲ್ಲ. ಇದಕ್ಕೆ ಮರೆವು ಎನ್ನದೆ ಇನ್ನೇನು ಹೇಳುತ್ತಾರೆ?

ಮನೆಗೆ ಬಂದಾಗ ಅಡುಗೆಮನೆಯ ಕಿಟಕಿಯಲ್ಲಿ ಇನ್ನೂ ಬಿಸಿಲಿತ್ತು. ಹೆಂಡತಿ ಒಲೆ ಉಜ್ಜುತ್ತಿದ್ದಳು. ಅವನು ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ಹೇಳಿದ, ಈ ಸಲ ಅಪ್ಪನನ್ನೂ ಬಿಡದೆ. ಅವಳು ಉಜ್ಜುವುದನ್ನು ನಿಲ್ಲಿಸಲಿಲ್ಲ.

“ಮೂರು ದಿನದಿಂದ ಹಾಲು ಯಾಕೆ ಉಕ್ತಿದೆ ಅಂತ ನಾನೂ ತಲೆ ಕೆಡಿಸ್ಕೊಂಡಿದ್ದೆ,” ಎಂದಳು.

ವಿಷಯ ಏನೆಂದರೆ, ಅವನು ದಿನಾ ಬೆಳಿಗ್ಗೆ ಬಚ್ಚಲಮನೆಯಲ್ಲಿ ಗಂಟಲು ಸರಿಮಾಡಿಕೊಳ್ಳಲು ಒಂದು ಸಲ ಮಗ್ಗಿ ಹೇಳುತ್ತಿದ್ದ. ಮದುವೆಯಾದ ಹೊಸದರಲ್ಲೇ ಅವಳು ಇದರಿಂದ ಒಂದು ಉಪಯೋಗ ಕಂಡುಕೊಂಡಿದ್ದಳು: ಬಿಸಿಯಾದ ಹಾಲಿಗೆ ಅವನ ಮೊದಲ ‘ಹತ್ತೊಂಬತ್ತು’ ಕೇಳಿದಾಗ ಉರಿ ಏರಿಸಿ, ‘ನೂರತೊಂಬತ್ತು’ ಕೇಳಿದಾಗ ಆರಿಸಿದರೆ ಕೆನೆ ಪಾತ್ರೆಯ ಅಂಚಿಗೆ ಬಂದು ನಮಸ್ಕಾರ ಹಾಕಿ ನಿಲ್ಲುತ್ತಿತ್ತು. ಇಪ್ಪತ್ತೊಂಬತ್ತು ವರ್ಷಗಳಲ್ಲಿ ಆ ಮನೆಯಲ್ಲಿ ಒಂದು ಹನಿ ಹಾಲು ಒಲೆಗೆ ಬಿದ್ದಿರಲಿಲ್ಲ. ಅವಳಿಗೆ ಎರಡರ ಮಗ್ಗಿ ಬಾರದು, ಮೂರರದ್ದು ಕೇಳಲೇಬೇಡಿ. ಆದರೆ ಹತ್ತೊಂಬತ್ತರ ಮಗ್ಗಿ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರುತ್ತಿತ್ತು, ಅದೂ ಅವನದೇ ಲಯದಲ್ಲಿ.

“ನೀವು ಹೆಂಗೆ ಹೇಳ್ತಿದ್ರಿ ಅಂತ ನಂಗೊತ್ತು.”

“ಹಾಗಾದ್ರೆ ಹೇಳು ನೋಡೋಣ.”

“ಇಲ್ಲಿ ಹೇಳಲ್ಲ. ಹೇಳಿದ್ರೆ ‘ಹಂಗಲ್ಲ ಕಣೇ, ಹಿಂಗೆ’ ಅಂತ ತಿದ್ದಿ ತಿದ್ದಿ ಕೆಡಿಸಿಬಿಡ್ತೀರ. ನಾಳೆ ನೀರಿನ ಮುಂದೆ ಹೇಳ್ತೀನಿ. ನೀವು ಮಾತ್ರ ಬಾಯಿ ಮುಚ್ಕೊಂಡಿರಬೇಕು, ಹಲ್ಲು ಒಳಗಿದ್ರೂ ಸರಿ, ಹೊರಗಿದ್ರೂ ಸರಿ.”

ಗುರುವಾರ ಬೆಳಿಗ್ಗೆ ಮೆರವಣಿಗೆಯೇ ಇಳಿಯಿತು: ಮುಂದೆ ಮೇಡಂ, ಹಿಂದೆ ಭಾಮೈದ ಮತ್ತು ಬಾಯಿ ಮುಚ್ಚಿಕೊಂಡ ಮಾವ, ನಡುವೆ ಅವನ ಹೆಂಡತಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು. ಮೂವತ್ತೊಂದು ವರ್ಷ ಗಂಡನನ್ನು ನುಂಗಿ ಉಗುಳುತ್ತಿದ್ದ ಸುರಂಗವನ್ನು ಅವಳು ಮೊದಲ ಸಲ ನೋಡುತ್ತಿದ್ದಳು. ಸುಣ್ಣದ ಗಡ್ಡಗಳನ್ನು ಮುಟ್ಟಿ ನೋಡಿ, ಇದನ್ನು ಯಾರೂ ಗುಡಿಸಲ್ಲವಾ ಎಂದು ವಿಚಾರಿಸಿದಳು. ಕೊಳವೆಯ ಹತ್ತಿರ ನಿಂತು, ಸುತ್ತ ನೂರಾರು ಅಡಿ ಕಾಂಕ್ರೀಟು, ಅದರಾಚೆ ಸಮುದ್ರದಂಥ ನೀರು ಎಂದು ಮೇಡಂ ವಿವರಿಸಿದಾಗ, “ಇಷ್ಟಕ್ಕೆಲ್ಲ ಇದೊಂದೇ ಬಕೆಟ್ಟಾ?” ಎಂದಳು. ಮೇಡಂ ಫೋನಿನ ಗಡಿಯಾರ ತೆರೆದರು.

ಭಾಮೈದ ಬಕೆಟ್ಟನ್ನು ಕೊಳವೆಯ ಕೆಳಗೆ ತಳ್ಳಿದ. ಅವಳು ಕಣ್ಣು ಮುಚ್ಚಿ, ಬಚ್ಚಲ ಬಾಗಿಲು ಎದುರಿಗಿದೆ ಎಂಬಂತೆ ತಲೆ ಓರೆ ಮಾಡಿ ಶುರುಮಾಡಿದಳು.

ಬಕೆಟ್ ಮಾವ ತಟ್ಟನೆ ತಲೆ ಎತ್ತಿದ. ಅದು ಅವನದೇ ದನಿ. ಹೆಂಗಸಿನ ಗಂಟಲಿನಿಂದ ಬಂದರೂ ಒಳಗಿದ್ದದ್ದು ಅವನ ಹಳೆಯ ಬಾಯಿ: ಮೂರ್ಲ ಎನ್ನುವಾಗ ಮುಂದಿನ ಸಂದಿನಿಂದ ಬರುತ್ತಿದ್ದ ಸಣ್ಣ ಸೀಟಿ, ನಾಕ್ಲ ಆದ ಮೇಲೆ ಎಂಜಲು ನುಂಗುವಷ್ಟು ಬಿಡುವು, ಅದರ ಹಿಂದೆ ಅಪ್ಪನ ಗರಗಸ ಹೋಗಿ ಬರುವ ಎಳೆತ. ಐದ್ಲ ತೊಂಬತ್ತೈದು. ಏಳ್ಲ ನೂರಮೂವತ್ತಮೂರು. ಮಾವ ಬೆಚ್ಚಿ ಬಾಯಿ ತೆರೆದ. ಭಾಮೈದ ಅಂಗೈಯಿಂದ ಆ ಬಾಯನ್ನು ಹಲ್ಲು ಸಮೇತ ಮುಚ್ಚಿದ. ಎಂಟ್ಲ ನೂರೈವತ್ತೆರಡು, ಒಂಬತ್ಲ ನೂರೆಪ್ಪತ್ತೊಂದು, ಹತ್ಲ ನೂರತೊಂಬತ್ತು ಎಂದು ಅವಳು ಕಣ್ಣು ಬಿಟ್ಟಾಗ ನೀರು ಬಕೆಟ್ಟಿನ ಕಂಠದಲ್ಲಿ ನಡುಗುತ್ತ, ಚೆಲ್ಲಲೋ ಬೇಡವೋ ಎಂದು ಅನುಮಾನಿಸುತ್ತ ನಿಂತಿತ್ತು.

“ನಲವತ್ತೊಂದು,” ಎಂದರು ಮೇಡಂ. ಇನ್ನೂ ಎರಡು ಸಲ ಹೇಳಿಸಿದರು. ಎರಡು ಸಲವೂ ನೂರತೊಂಬತ್ತು, ಎರಡು ಸಲವೂ ನಲವತ್ತೊಂದು. ಗೋಡೆ ಮೂವತ್ತೊಂದು ವರ್ಷದ ಹಿಂದೆ ಹೇಗಿತ್ತೋ ಹಾಗೇ ಇದೆ, ಗೇಟು ಎತ್ತುವುದು ಬೇಡ ಎಂದು ಅವರು ಅಲ್ಲಿಂದಲೇ ಹೇಳಿ ಕಳಿಸಿದರು. ಭಾಮೈದ ಮೆಟ್ಟಿಲ ಕಡೆಗೆ ಓಡಿದ.

ಬಕೆಟ್ ಮಾವ ಮಾತ್ರ ನಿಂತಲ್ಲೇ ನಿಂತಿದ್ದ.

“ಆರು ಎಲ್ಲಿ?” ಎಂದ.

“ಯಾವ ಆರು?”

“ಐದಾದ ಮೇಲೆ ಆರು ಬರುತ್ತೆ. ಮೂರು ಸಲವೂ ನೀನು ಆರು ಹೇಳಲಿಲ್ಲ.”

“ಅದರಲ್ಲಿ ಆರು ಇಲ್ಲವಲ್ಲ,” ಎಂದಳು. “ನೀವು ಒಂದು ದಿನವೂ ಹೇಳಿದ್ದಿಲ್ಲ. ಐದಾದ ಮೇಲೆ ಒಂದು ಉಸಿರು ತಗೊಂಡು ಏಳು ಅಂತಿದ್ರಿ. ಅದು ಹಂಗೇ ಇರೋದು ಅಂದ್ಕೊಂಡಿದ್ದೆ.”

ಮಾವ ಮನಸ್ಸಿನಲ್ಲೇ ಹೇಳಿ ನೋಡಿದ. ಐದರ ತನಕ ನಾಲಿಗೆ ತಾನಾಗಿ ಹೋಯಿತು. ಐದಾದ ಮೇಲೆ ಮೆಟ್ಟಿಲು ಇಲ್ಲದ ಕಡೆ ಹಾರಿದಂತೆ ಏಳಕ್ಕೆ ಹೋಗಿ ಬಿತ್ತು. ಮತ್ತೆ ಹೇಳಿದ, ಮತ್ತೆ ಹಾರಿತು. ಹಲ್ಲಿದ್ದಾಗಲೂ ಹಾರಿತ್ತು, ಇಲ್ಲದಾಗಲೂ ಹಾರಿತ್ತು, ಹನ್ನೊಂದು ಸಾವಿರ ಸಲ ಹಾರಿ ಹಾರಿ, ವಹಿಯ ತುಂಬ ಪೂರ್ಣ ಪೂರ್ಣ ಎಂದು ಬರೆಸಿಕೊಂಡಿತ್ತು. ಮೇಡಂಗೆ ನಗು ತಡೆಯಲಾಗಲಿಲ್ಲ. ದಿನಾ ಒಂದೇ ಸಮ ಬಿಟ್ಟಿದ್ದರಿಂದ ಅಳತೆಗೆ ಏನೂ ಆಗಿಲ್ಲ, ಇನ್ನು ಮುಂದೆ ಸೆಕೆಂಡಿನಲ್ಲಿ ಬರೆದರಾಯಿತು ಎಂದು ಸಮಾಧಾನ ಹೇಳಿ, ನಾಳೆ ಹತ್ತಕ್ಕೆ ಎಂದಿನಂತೆ ನೀವೇ ಇಳಿಯಿರಿ ಎಂದರು. ಮರೆವಿನ ಮಾತು ಅವರೂ ಮತ್ತೆ ಎತ್ತಲಿಲ್ಲ.

ಆದರೆ ಮಾವನ ತಲೆಯಲ್ಲಿ ಗೊಂದಲ ಇನ್ನೊಂದು ಸುತ್ತು ಬಿಗಿಯಿತು. ಮನೆಗೆ ನಡೆಯುತ್ತ ಅವನು ಹೆಂಡತಿಗೆ ಲೆಕ್ಕ ಒಪ್ಪಿಸಿದ: ತಲೆ ಈಗ ಕೆಟ್ಟಿಲ್ಲ, ಸರಿ. ಹಾಗಾದರೆ ಇಪ್ಪತ್ತೇಳರಲ್ಲೇ ಕೆಟ್ಟಿತ್ತೇ? ಇಲ್ಲ, ಅದಕ್ಕೂ ಮೊದಲು, ಏಳನೆಯ ವಯಸ್ಸಿನಲ್ಲಿ, ಮರದ ಹೊಟ್ಟಿನ ಮೇಲೆ ಕೂತು ಕಲಿತಾಗಲೇ ಆರು ಇರಲಿಲ್ಲ. ಅಪ್ಪನೇ ಬಿಟ್ಟು ಕಲಿಸಿದ್ದನೇ? ಅಪ್ಪನಿಗೆ ಆಗ ಮೂವತ್ತೈದು, ಅಂಗಡಿಯಲ್ಲಿ ಅವನಷ್ಟು ಕರಾರುವಾಕ್ಕಾದ ಬಡಗಿ ಇನ್ನೊಬ್ಬನಿರಲಿಲ್ಲ. ಅಥವಾ ಅಪ್ಪ ಹೇಳಿದ್ದ, ಗರಗಸದ ಸದ್ದಿನಲ್ಲಿ ಇವನಿಗೇ ಕೇಳಿಸಲಿಲ್ಲವೇ? ಮರೆತದ್ದು ಯಾರು, ಯಾವಾಗ, ಅಥವಾ ಎಂದೂ ಗೊತ್ತಿಲ್ಲದ್ದಕ್ಕೆ ಮರೆವು ಎನ್ನಬಹುದೇ?

“ನಿಮ್ಮಪ್ಪ ಮಾಡಿದ ಮಂಚದ ಮೇಲೇ ಇನ್ನೂ ಮಲಗ್ತಿದೀವಿ,” ಎಂದಳು ಅವಳು. “ಒಂದು ದಿನ ಕಿರ್ ಅಂದಿಲ್ಲ.”

ಅಡುಗೆಮನೆಗೆ ಬಂದು ಅವಳು ಹಾಲಿಟ್ಟಳು. ಅವನು ಸ್ಟೂಲಿನ ಮೇಲೆ ಕೂತು, ಬಟ್ಟೆ ಲೆಕ್ಕ ಬರೆಯುವ ಸೀಸದಕಡ್ಡಿ ಎತ್ತಿಕೊಂಡು, ಹಳೆಯ ಕ್ಯಾಲೆಂಡರಿನ ಹಿಂದೆ ತೊಂಬತ್ತೈದು ಬರೆದ. ಕೆಳಗೆ ಹತ್ತೊಂಬತ್ತು ಬರೆದ. ಬೆರಳು ಮಡಿಸಿ ಕೂಡಿಸಿದ. ಎರಡು ಸಲ ಪರೀಕ್ಷಿಸಿ, ಹೊಸ ಬಾಡಿಗೆದಾರನನ್ನು ಮನೆಗೆ ಬಿಟ್ಟುಕೊಳ್ಳುವವನಂತೆ ಅನುಮಾನದಿಂದ ಓದಿದ.

“ಹತ್ತೊಂಬತ್ತಾರ್ಲ ನೂರಹದಿನಾಲ್ಕು.”

“ಜೋರಾಗಿ ಹೇಳಬೇಡಿ,” ಎಂದಳು ಹೆಂಡತಿ, ಒಲೆಯ ಮೇಲೆ ಕಣ್ಣಿಟ್ಟು. “ಅದನ್ನು ಸೇರಿಸಿದ್ರೆ ಹಾಲು ಉಕ್ಕುತ್ತೆ.”